ದಪ್ಪ ಬಳಿದರೆ ಗಟ್ಟಿ ಎಂದವರು ಯಾರು?

ಬಳ್ಳಾರಿಯ ಯಾವುದಾದರೂ ಹಳೆಯ ಮನೆಯ ಗೇಟನ್ನು ಉಗುರಿನಿಂದ ಕೆರೆದು ನೋಡಿ. ಮೇಲೆ ಕಪ್ಪು, ಅದರಡಿ ಬೆಳ್ಳಿ ಬಣ್ಣ, ಅದರಡಿ ಹಸಿರು, ಎಲ್ಲಕ್ಕೂ ಕೆಳಗೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್. ದೀಪಾವಳಿಗೊಂದು ಪದರ, ಮನೆಯಲ್ಲಿ ಮದುವೆಯಿದ್ದರೆ ಮತ್ತೊಂದು. ತುಕ್ಕು ಕಂಡರೆ ಅದರ ಮೇಲೆಯೇ ಬಣ್ಣ. ತುಕ್ಕು ಒಳಗೊಳಗೇ ತಿನ್ನುತ್ತಿರುತ್ತದೆ, ಗೇಟಿನ ಯಜಮಾನ ನಿಶ್ಚಿಂತೆಯಿಂದ ಇರುತ್ತಾನೆ.

ನನ್ನ ಹೊಟ್ಟೆಪಾಡೂ ಬಣ್ಣದ್ದೇ. ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಪೌಡರ್ ಕೋಟಿಂಗ್ ಘಟಕ ನಡೆಸುತ್ತೇನೆ. ಒಣ ಬಣ್ಣದ ಪುಡಿಯನ್ನು ಲೋಹಕ್ಕೆ ಹೊಡೆದು ಒಲೆಯಲ್ಲಿ ಕರಗಿಸಿ ಕೂರಿಸುವ ಕೆಲಸ. ಕಿಟಕಿಯ ಗ್ರಿಲ್, ಬೀರು, ಆಸ್ಪತ್ರೆಯ ಮಂಚ, ಶಾಲೆಯ ಬೆಂಚು ಎಲ್ಲವೂ ಬರುತ್ತವೆ. ಗಿರಾಕಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ದಪ್ಪ ಎಷ್ಟು ಕೊಡುತ್ತೀರಿ?’ ನಾವು ಕೊಡುವುದು 60ರಿಂದ 80 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇನ್ನೂ ಹತ್ತು ಹೆಚ್ಚಾದರೆ ಯಾರೂ ಬೇಡ ಎನ್ನುವುದಿಲ್ಲ, ಖುಷಿಪಡುತ್ತಾರೆ. ಹೀಗೆ ದಪ್ಪಕ್ಕೆ ಪಳಗಿದ ಕೈಯಿಂದ ಮನೆಯ ಹಿತ್ತಲಿನಲ್ಲಿ ಒಂದು ಏರ್ ರೈಫಲ್‌ಗೆ ಸೆರಾಮಿಕ್ ಲೇಪನ ಹಾಕುವುದನ್ನು ಕಲಿತೆ. ರಸಾಯನ, ಯಂತ್ರ, ಉಷ್ಣಾಂಶ ಇವೆಲ್ಲ ಹೇಗೋ ತಲೆಗೆ ಹತ್ತಿದವು. ಸಾಕು ಎನ್ನುವಲ್ಲಿ ಕೈಯನ್ನು ನಿಲ್ಲಿಸುವುದು ಮಾತ್ರ ಬಹಳ ತಡವಾಗಿ ಬಂತು.

ರೈಫಲ್ ನನ್ನದೇ. 4.5 ಮಿಲಿಮೀಟರ್ ಗುಂಡಿನದು, ನಳಿಗೆಯನ್ನು ಕೆಳಗೆ ಬಗ್ಗಿಸಿ ಸ್ಪ್ರಿಂಗ್ ಬಿಗಿಮಾಡುವ ಮಾದರಿ. ಹಿತ್ತಲಿನ ಗೋಡೆಗೆ ಮರಳಿನ ಚೀಲ ಒರಗಿಸಿ, ಹತ್ತು ಮೀಟರ್ ದೂರದಿಂದ ಕಾಗದದ ಗುರಿಗೆ ಹೊಡೆಯುವುದು ನನ್ನ ಭಾನುವಾರದ ಚಟ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಹಾಗಾಗಿ ಅದನ್ನು ಬಿಚ್ಚಿ ಹರಡಿಕೊಂಡು ಕುಳಿತರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಮನೆಯವರನ್ನು ಬಿಟ್ಟು.

ನಳಿಗೆಯ ತುದಿಯ ಹತ್ತಿರ, ಬಗ್ಗಿಸುವಾಗ ಅಂಗೈ ಹಿಡಿಯುವ ಜಾಗದಲ್ಲಿ, ಕಾರ್ಖಾನೆಯ ನೀಲಿಗಪ್ಪು ಸವೆದುಹೋಗಿತ್ತು. ಬಳ್ಳಾರಿಯ ಗಾಳಿ ಒಣಗಾಳಿ, ಇಲ್ಲಿ ತುಕ್ಕೆಲ್ಲಿಯದು ಎಂದು ಕೇಳುವವರಿದ್ದಾರೆ. ಮೇ ತಿಂಗಳಲ್ಲಿ ನಮ್ಮ ಅಂಗೈಯಿಂದ ಇಳಿಯುವ ಬೆವರನ್ನು ಅವರು ನೋಡಿಲ್ಲ. ಬೆವರಿನಲ್ಲಿ ಉಪ್ಪಿದೆ. ಆ ಜಾಗದಲ್ಲಿ ನನ್ನ ನಾಲ್ಕು ಬೆರಳುಗಳ ಗುರುತು ಕಂದು ಬಣ್ಣದಲ್ಲಿ ಅಚ್ಚೊತ್ತಿತ್ತು. ಭೂತಗನ್ನಡಿ ಹಿಡಿದರೆ ಒಂದೊಂದು ಬೆರಳಿನ ಗೆರೆಯೂ ಸಣ್ಣ ಗುಂಡಿಗಳ ಸಾಲಾಗಿ ಕಾಣುತ್ತಿತ್ತು.

ಆ ನೀಲಿಗಪ್ಪನ್ನು ಬ್ಲೂಯಿಂಗ್ ಎನ್ನುತ್ತಾರೆ. ಅದು ಬಣ್ಣವಲ್ಲ, ಕಬ್ಬಿಣದ್ದೇ ಆಕ್ಸೈಡ್. ಸಂಡೂರಿನ ಗುಡ್ಡಗಳಿಂದ ಲಾರಿಗಳಲ್ಲಿ ಇಳಿದು ತೋರಣಗಲ್ಲಿನ ಕುಲುಮೆಗೆ ಹೋಗುವ ಕೆಂಪು ಅದಿರು ಹೆಮಟೈಟ್: ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕ. ನಳಿಗೆಯ ಮೇಲಿನ ಕಪ್ಪು ಪದರ ಮ್ಯಾಗ್ನಟೈಟ್: ಮೂರಕ್ಕೆ ನಾಲ್ಕು. ಅದಿರಿನಿಂದ ಆಮ್ಲಜನಕವನ್ನು ಕಿತ್ತು ಉಕ್ಕು ಮಾಡುತ್ತೇವೆ. ಆಮೇಲೆ ಆ ಉಕ್ಕು ಮತ್ತೆ ಕೆಂಪಾಗಬಾರದೆಂದು ಮೈಮೇಲೆ ನಾವೇ ಅಳೆದು ಆಮ್ಲಜನಕ ಹಚ್ಚುತ್ತೇವೆ. ಆದರೆ ಆ ಪದರದ ದಪ್ಪ ಮೈಕ್ರಾನ್ ಲೆಕ್ಕದಲ್ಲಿ ಒಂದೆರಡು. ಎಣ್ಣೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಎಣ್ಣೆ ಒರೆಸಿಹೋದರೆ ಅದರ ಕಾವಲೂ ಮುಗಿಯಿತು.

ಸೆರಾಮಿಕ್ ಲೇಪನ ಎಂದರೆ ಚಹಾ ಕಪ್ಪಿನ ಪಿಂಗಾಣಿಯಲ್ಲ. ಅತಿ ಸಣ್ಣ ಸೆರಾಮಿಕ್ ಕಣಗಳನ್ನು ಪಾಲಿಮರ್ ಅಂಟಿನಲ್ಲಿ ಹಿಡಿದಿಟ್ಟ ದ್ರವ ಅದು. ಈ ಬಗೆಯಲ್ಲಿ ಹೆಸರುವಾಸಿಯಾದದ್ದು ಸೆರಾಕೋಟ್. ಅಮೆರಿಕದ ಆರೆಗನ್ ರಾಜ್ಯದ ಎನ್‌ಐಸಿ ಇಂಡಸ್ಟ್ರೀಸ್ ಎಂಬ ಕಂಪನಿ ಅದನ್ನು ತಯಾರಿಸುತ್ತದೆ. ಅದರಲ್ಲಿ ಸಿ ಸರಣಿ ಗಾಳಿಯಲ್ಲೇ ಒಣಗಿ ಗಟ್ಟಿಯಾಗುತ್ತದೆ, ಪೂರ್ತಿ ಬಲಿಯಲು ಐದು ದಿನ ಕಾಯಬೇಕು. ಎಚ್ ಸರಣಿಗೆ ವೇಗವರ್ಧಕ ಬೆರೆಸಿ ಒಲೆಯಲ್ಲಿ ಬೇಯಿಸಬೇಕು. ಐದು ದಿನ ಬಳ್ಳಾರಿಯ ಧೂಳಿನಲ್ಲಿ ಕಾಯುವ ಧೈರ್ಯ ನನಗಿರಲಿಲ್ಲ. ಒಲೆಯ ಕಸುಬು ಹೇಗೂ ಗೊತ್ತಿತ್ತು. ನಾಲ್ಕು ಔನ್ಸಿನ, ಅಂದರೆ ಸುಮಾರು 118 ಮಿಲಿಲೀಟರಿನ, ಎಚ್ ಸರಣಿಯ ಕಪ್ಪು ಬಾಟಲಿ ತರಿಸಿದೆ. ಅದರ ಬೆಲೆಗೆ ನಮ್ಮ ಘಟಕದಲ್ಲಿ ಎಷ್ಟು ಪೌಡರ್ ಬರುತ್ತದೆಂದು ಲೆಕ್ಕ ಹಾಕಲು ಹೋಗಲಿಲ್ಲ. ಚಟಕ್ಕೆ ಲೆಕ್ಕ ಹಾಕಬಾರದು.

ಮೊದಲು ಒಲೆ. ಘಟಕದ ದೊಡ್ಡ ಓವನ್ 180ರಿಂದ 200 ಡಿಗ್ರಿಗೆ ಓಡುವಂಥದ್ದು, ಅದರ ಮೂಲೆ ಮೂಲೆಯಲ್ಲೂ ಪೌಡರ್ ಕೂತಿದೆ. ಅಡುಗೆಮನೆಯಲ್ಲಿ ಕೇಕ್ ಮಾಡುವ ಓವನ್ ಇದೆ, ಬೇಕಾದ 121 ಡಿಗ್ರಿ ಅದರಲ್ಲೂ ಸಿಗುತ್ತದೆ. ಆದರೆ ದ್ರಾವಕದ ಆವಿ ಕುಡಿದ ಓವನ್‌ನಲ್ಲಿ ಮತ್ತೆಂದೂ ತಿನ್ನುವ ಪದಾರ್ಥ ಬೇಯಿಸಬಾರದು, ಇದರಲ್ಲಿ ರಾಜಿ ಇಲ್ಲ. ಹಾಗಾಗಿ ಗುಜರಿಗೆ ಹೊರಟಿದ್ದ ಒಂಟಿ ಬಾಗಿಲಿನ ಬೀರುವಿಗೆ ಒಳಗೆ ಶಾಖ ತಡೆಯುವ ರಾಕ್‌ವೂಲ್ ಹೊದಿಸಿ, ತಗಡಿನ ಮರೆ ಇಟ್ಟ ಹೀಟರ್ ಕೂರಿಸಿ, ಮೇಲೆ ಆವಿ ಹೋಗಲು ಕೊಳವೆ ಬಿಟ್ಟೆ. ಉಷ್ಣ ನಿಯಂತ್ರಕಕ್ಕೆ ಶಾಖ ಅಳೆದು ಹೇಳುವ ಥರ್ಮೋಕಪಲ್ ಅನ್ನು ಗಾಳಿಯಲ್ಲಿ ತೂಗುಬಿಡದೆ ವಸ್ತುವಿನ ಮೈಗೇ ತಂತಿಯಿಂದ ಬಿಗಿಯುತ್ತೇನೆ. ಒಲೆಯ ಗಾಳಿ 121 ಮುಟ್ಟಿದಾಗ ದಪ್ಪ ನಳಿಗೆ ಇನ್ನೂ 90ರ ಆಸುಪಾಸಿನಲ್ಲಿ ಇರುತ್ತದೆ. ಎರಡು ಗಂಟೆಯ ಲೆಕ್ಕ ಶುರುವಾಗಬೇಕಾದದ್ದು ಉಕ್ಕು 121 ಮುಟ್ಟಿದ ಮೇಲೆ. ನಡುವೆ ಕರೆಂಟ್ ಹೋಗುತ್ತದೆ, ಅದು ನಮ್ಮ ಊರಿನ ಸೇರ್ಪಡೆ. ಬೀರುವಿನ ಬಾಗಿಲು ತೆರೆಯದೆ ಕಾಯುತ್ತೇನೆ. ಬಂದ ಮೇಲೆ ಉಕ್ಕು ಮತ್ತೆ ಆ ಮಟ್ಟಕ್ಕೆ ಏರಿದಾಗಲೇ ಗಡಿಯಾರ ನೋಡುವುದು.

ರೈಫಲ್ ಬಿಚ್ಚುವಾಗ ಒಂದು ಮಾತು ನೆನಪಿರಲಿ. ಒಳಗಿನ ಸ್ಪ್ರಿಂಗ್ ಗುಂಡು ಹೊಡೆಯದೇ ಇದ್ದಾಗಲೂ ಅದುಮಿಕೊಂಡೇ ಇರುತ್ತದೆ. ಹಿಂದಿನ ಪಿನ್ ಕಿತ್ತರೆ ಎದೆಗೆ ಬಂದು ಬಡಿಯುತ್ತದೆ. ಅದಕ್ಕೆಂದೇ ಇರುವ ಬಿಗಿಯುವ ಚೌಕಟ್ಟು ಇಲ್ಲದೆ ಆ ಪಿನ್ ಮುಟ್ಟಬೇಡಿ. ಪಿಸ್ಟನ್ನಿನ ಸೀಲು, ನಳಿಗೆಯ ಬುಡದ ರಬ್ಬರ್ ಉಂಗುರ, ಸ್ಪ್ರಿಂಗು ಇವು ಒಲೆಗೂ ಹೋಗುವುದಿಲ್ಲ, ಲೇಪನಕ್ಕೂ ಹೋಗುವುದಿಲ್ಲ. ಸ್ಕ್ರೂಗಳಿಗೆ ಮೊಟ್ಟೆಯ ಟ್ರೇ ಸಾಕು. ಪರಿಚಯದ ಹುಡುಗನೊಬ್ಬ ಸ್ಪರ್ಧೆಗೆ ಬಳಸುವ ಸಂಕುಚಿತ ಗಾಳಿಯ ರೈಫಲ್ ತಂದು, ಅದರ ಸಿಲಿಂಡರಿಗೂ ಹೊಡೆದುಕೊಡಿ ಎಂದ. 200 ಬಾರ್ ಒತ್ತಡ ಹಿಡಿಯುವ ಪಾತ್ರೆಯನ್ನು ನನ್ನ ಬೀರುವಿನಲ್ಲಿ ಬಿಸಿಮಾಡುವ ಮಾತೇ ಇಲ್ಲ. ಶಾಖಕ್ಕೆ ಅಲ್ಯೂಮಿನಿಯಂ ಮಿಶ್ರಲೋಹದ ಹದ ಕೆಡಬಹುದು, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಅವನನ್ನು ಚಹಾ ಕುಡಿಸಿ ಕಳಿಸಿದೆ.

ಇನ್ನು ಎಣ್ಣೆ ತೆಗೆಯುವುದು. ಅಸಿಟೋನಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ಎತ್ತಿ ನೋಡಿದರೆ ಉಕ್ಕು ಹೊಸದಾಗಿ ಹುಟ್ಟಿದಷ್ಟು ಸ್ವಚ್ಛ. ನಂಬಬಾರದು. ಅದನ್ನು 149 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ನಿಜ ಹೊರಬರುತ್ತದೆ. ನನ್ನ ರೈಫಲ್‌ನಲ್ಲಿ ನಳಿಗೆಯನ್ನು ಅದರ ಬುಡದ ಉಕ್ಕಿನ ಗಟ್ಟಿಗೆ ಒತ್ತಿ ಕೂರಿಸಿದ್ದಾರೆ. ಆ ಸಂದಿಯಲ್ಲಿ, ಕೂದಲೂ ಹೋಗದ ಗೆರೆಯಲ್ಲಿ, ಒಂದು ತೇವದ ಉಂಗುರ ಮೂಡಿತು. ಅದು ಹಿಗ್ಗಿ ಜೇನಿನ ಬಣ್ಣದ ಹನಿಯಾಗಿ, ನಳಿಗೆಯ ಮೇಲೆ ಒಂದಂಗುಲ ಹರಿದು ಅಲ್ಲೇ ಸುಟ್ಟು ಕಂದಾಯಿತು. ವರ್ಷಗಟ್ಟಲೆ ನಾನೇ ಹಾಕಿದ ಎಣ್ಣೆ. ಒರೆಸಿ ಮತ್ತೆ ಅಸಿಟೋನ್, ಮತ್ತೆ ಒಲೆ. ಹೊಸ ಹನಿ ಬಾರದವರೆಗೆ ಇದೇ ಆಟ. ಲೇಪನದ ನಂತರ ಒಲೆಗೆ ಹೋದಾಗ ಆ ಹನಿ ಬಂದಿದ್ದರೆ ಲೇಪನವನ್ನು ಒಳಗಿನಿಂದಲೇ ಎತ್ತಿಬಿಡುತ್ತಿತ್ತು. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ನೈಟ್ರೈಲ್ ಕೈಗವಸು ಕಡ್ಡಾಯ. ಅಸಿಟೋನ್ 56 ಡಿಗ್ರಿಗೆ ಕುದಿಯುವ ದ್ರವ. ಅದರ ಆವಿ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಅದರ ಡಬ್ಬ ತೆರೆಯುವುದೆಂದರೆ ಪಕ್ಕದ ಮನೆಯ ಒಗ್ಗರಣೆಯ ಸಮಯವನ್ನೂ ಗಮನದಲ್ಲಿಟ್ಟುಕೊಳ್ಳಬೇಕು.

ಆಮೇಲೆ ಗ್ರಿಟ್. 100ರ ಗಾತ್ರದ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು 80 ಪಿಎಸ್‌ಐ ಒತ್ತಡದಲ್ಲಿ ಹೊಡೆದರೆ ಮೇಲ್ಮೈ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ, ಲೇಪನಕ್ಕೆ ಕಚ್ಚಿಕೊಳ್ಳಲು ಹಲ್ಲು ಸಿಗುತ್ತದೆ. ಹೊಳೆಯ ಮರಳು ಅಗ್ಗ ಎಂದು ಅದನ್ನು ಹೊಡೆಯುವವರಿದ್ದಾರೆ. ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ನಳಿಗೆಯ ಎರಡೂ ತುದಿಗೆ ಸಿಲಿಕೋನ್ ಬೆಣೆ ಬಿಗಿದೇ ಈ ಕೆಲಸ. ಒಳಗಿನ ತಿರುಪು ಗೆರೆಗಳಿಗೆ ಗ್ರಿಟ್ ಹೊಕ್ಕರೆ ರೈಫಲ್ ಊರುಗೋಲಿಗೆ ಸಮ. ಪಿಸ್ಟನ್ ಓಡಾಡುವ ಕೊಳವೆಯ ಒಳಮೈಗೂ ಗ್ರಿಟ್ ಇಲ್ಲ, ಲೇಪನ ಇಲ್ಲ.

ರೈಫಲ್ ಮುಟ್ಟುವ ಮೊದಲು ತಗಡಿನ ತುಂಡುಗಳ ಮೇಲೆ ಪ್ರಯೋಗ ಮಾಡಿದ್ದೆ. ನಾನು ಮತ್ತೆ ಮತ್ತೆ ನೋಡುವುದು ಅವನ್ನೇ. ಒಂದು ಬರಿಯ ಉಕ್ಕು, ಒಂದಕ್ಕೆ ಹಚ್ಚುವ ಬ್ಲೂಯಿಂಗ್ ದ್ರವ, ಒಂದಕ್ಕೆ ನಮ್ಮ ಪೌಡರ್ 75 ಮೈಕ್ರಾನ್, ಒಂದಕ್ಕೆ ಸೆರಾಮಿಕ್ 22 ಮೈಕ್ರಾನ್. ಐದನೆಯದಕ್ಕೆ ಬೇಕೆಂದೇ ಸೆರಾಮಿಕ್ ಅನ್ನು 60 ಮೈಕ್ರಾನ್ ಆಗುವವರೆಗೆ ಹೊಡೆದೆ. ನಮ್ಮ ಗಿರಾಕಿಗಳ ಮಾತು ನಿಜವೋ ನೋಡೋಣ ಎಂದು. ಮಾಳಿಗೆಯ ತಂತಿಗೆ ನೇತುಹಾಕಿ ಬೆಳಿಗ್ಗೆ ಸಂಜೆ ಉಪ್ಪುನೀರು ಸಿಂಪಡಿಸಿದೆ. ಬರಿಯ ಉಕ್ಕು ಅದೇ ಸಂಜೆ ಸಂಡೂರಿನ ಬಣ್ಣಕ್ಕೆ ತಿರುಗಿತು. ಬ್ಲೂಯಿಂಗ್ ರಾತ್ರಿಯಷ್ಟೇ ತಡೆಯಿತು. ಪೌಡರ್ ಮತ್ತು ತೆಳು ಸೆರಾಮಿಕ್ ಎರಡೂ ಜಗ್ಗಲಿಲ್ಲ. ಕಟರ್‌ನಿಂದ ಗುಣಾಕಾರದ ಗುರುತು ಕೊರೆದು ಮತ್ತೆ ಉಪ್ಪುನೀರು ಹಾಕಿದರೆ ತುಕ್ಕು ಗೆರೆಯೊಳಗೇ ನಿಂತಿತು, ಪಕ್ಕಕ್ಕೆ ಹಬ್ಬಲಿಲ್ಲ. ಅಂದರೆ ನನ್ನ ಪೌಡರ್ ಮಾಡುವ ಕೆಲಸವನ್ನು ಇದು ಮೂರನೇ ಒಂದು ಭಾಗದ ಮೈಯಲ್ಲಿ ಮಾಡಿತು.

ಐದನೆಯ ತುಂಡೇ ನೋಡುವಂಥದ್ದು. ಒಲೆಯಿಂದ ಬಂದಾಗ ಎಲ್ಲಕ್ಕಿಂತ ಚೆಂದ ಕಂಡದ್ದು ಅದೇ, ತುಂಬಿಕೊಂಡ ಕಪ್ಪು. ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಸೂಜಿಮೊನೆಯ ರಂಧ್ರಗಳು. ಮೇಲ್ಪದರ ಮೊದಲು ಬಿಗಿದುಕೊಂಡಿದೆ, ಕೆಳಗೆ ಸಿಕ್ಕಿಬಿದ್ದ ದ್ರಾವಕ ಬಿಸಿಗೆ ಆವಿಯಾಗಿ ಅದನ್ನು ಚುಚ್ಚಿಕೊಂಡು ಹೊರಬಂದಿದೆ. ಆ ರಂಧ್ರಗಳಲ್ಲೇ ಉಪ್ಪುನೀರು ಇಳಿಯಿತು. ಆಮೇಲೆ ತುಂಡುಗಳನ್ನು ಪೆನ್ಸಿಲ್ ದಪ್ಪದ ಸರಳಿನ ಸುತ್ತ ಬಗ್ಗಿಸಿದೆ. ತೆಳುವಾದದ್ದು ಉಕ್ಕಿನ ಜೊತೆಗೇ ಬಾಗಿತು. ದಪ್ಪನೆಯದು ಬೆನ್ನಿನುದ್ದಕ್ಕೂ ಬಿರಿಯಿತು. ಈ ಎರಡು ತುಂಡುಗಳು ಈಗ ಘಟಕದ ಮೇಜಿನ ಮೇಲಿವೆ. ‘ದಪ್ಪ ಎಷ್ಟು’ ಎನ್ನುವವರ ಮುಂದೆ ಮಾತಾಡದೆ ಸರಿಸುತ್ತೇನೆ.

ಲೇಪನದ ಕಂಪನಿಯವರು ಹೇಳುವ ದಪ್ಪ ಅರ್ಧ ಮಿಲ್‌ನಿಂದ ಒಂದು ಮಿಲ್. ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ನಮ್ಮ ಲೆಕ್ಕದಲ್ಲಿ ಆ ದಪ್ಪ ಸುಮಾರು 12ರಿಂದ 25 ಮೈಕ್ರಾನ್. ರೈಫಲ್‌ನಂಥ ವಸ್ತುವಿಗೆ ಇದು ಏಕೆ ಮುಖ್ಯವೆಂದರೆ, ನಳಿಗೆ ಬಗ್ಗುವ ಕೀಲನ್ನು ನೋಡಿ. ನಳಿಗೆಯ ಬುಡದ ಗಟ್ಟಿಗೆ ಎರಡು ಮೈ, ಅದನ್ನು ಹಿಡಿಯುವ ಕವಲಿಗೆ ಎರಡು ಮೈ, ಒಟ್ಟು ನಾಲ್ಕು. ನಾಲ್ಕಕ್ಕೂ 80 ಮೈಕ್ರಾನ್ ಪೌಡರ್ ಕೂತರೆ 320 ಮೈಕ್ರಾನ್, ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಆ ಕೀಲು ಒಳಗೆ ಹೋಗುವುದೇ ಇಲ್ಲ. ತೆಳು ಲೇಪನದಲ್ಲಿ ಹೆಚ್ಚೆಂದರೆ 100. ಅದೂ ನನಗೆ ಹೆಚ್ಚೆನಿಸಿ, ಉಜ್ಜಾಡುವ ಮೈಗಳಿಗೆ ಶಾಖ ತಡೆಯುವ ಟೇಪ್ ಅಂಟಿಸಿ ಬರಿದಾಗಿಯೇ ಬಿಟ್ಟೆ. ಟ್ರಿಗರಿನ ಒಳಗಿನ ತುಂಡುಗಳ ಹತ್ತಿರವೂ ಹೋಗಲಿಲ್ಲ. ಅಲ್ಲಿ ಹಿಡಿತದ ಅಂಚು ಕೂದಲೆಳೆಯಷ್ಟು ಬದಲಾದರೆ ಬೆರಳು ಮುಟ್ಟದೆಯೇ ಗುಂಡು ಹಾರಬಹುದು.

ಹೊಡೆಯುವ ದಿನ ಬೆಳಗಿನ ಜಾವ ಎದ್ದೆ. ಮಧ್ಯಾಹ್ನದ 40 ಡಿಗ್ರಿಯಲ್ಲಿ ಸ್ಪ್ರೇ ಗನ್ನಿನಿಂದ ಹೊರಟ ಹನಿ ಉಕ್ಕನ್ನು ಮುಟ್ಟುವ ಮೊದಲೇ ಒಣಗಿ, ರಂಗೋಲಿ ಪುಡಿ ಉದುರಿದ ಹಾಗೆ ಒರಟಾಗಿ ಕೂರುತ್ತದೆ. ಇನ್ನು ಧೂಳು. ಅದಿರಿನ ಲಾರಿಗಳ ರಸ್ತೆ ನಮ್ಮ ಬಡಾವಣೆಯಿಂದ ದೂರವೇ, ಆದರೂ ಗಾಳಿ ಎದ್ದರೆ ಕಿಟಕಿಯ ಸಂದಿಯಲ್ಲಿ ಕೆಂಪು ಗೆರೆ ಬೀಳುತ್ತದೆ. ಹಿತ್ತಲಿನ ಶೆಡ್ಡಿನ ನೆಲಕ್ಕೆ ನೀರು ಹೊಡೆದು, ಬಾಗಿಲಿಗೆ ಒದ್ದೆ ಸೀರೆ ಕಟ್ಟಿ, ಆವಿ ಹೊರಹಾಕುವ ಫ್ಯಾನ್ ಹಚ್ಚಿ ಶುರುಮಾಡಿದೆ. ಮುಖಕ್ಕೆ ಸಾವಯವ ಆವಿ ಹೀರುವ ಡಬ್ಬಿಗಳಿರುವ ಮಾಸ್ಕ್. ಆಸ್ಪತ್ರೆಯ ನೀಲಿ ಮಾಸ್ಕ್ ಇಲ್ಲಿ ನಾಮಕಾವಾಸ್ತೆ, ನಮ್ಮ ಹುಡುಗರು ಮೂಗಿಗೆ ಸುತ್ತುವ ಟವೆಲ್ ಅದಕ್ಕಿಂತ ಕಡೆ.

ಬಾಟಲಿಯ ತಳದಲ್ಲಿ ಕಣಗಳು ಕೂತಿರುತ್ತವೆ, ಕೈ ಸೋಲುವವರೆಗೆ ಕುಲುಕಬೇಕು. 36 ಮಿಲಿಲೀಟರ್ ಲೇಪನಕ್ಕೆ 2 ಮಿಲಿಲೀಟರ್ ವೇಗವರ್ಧಕ, ಅಂದರೆ 18ಕ್ಕೆ 1. ವೇಗವರ್ಧಕ ಹೆಚ್ಚಿದಂತೆ ಹೊಳಪು ಹೆಚ್ಚು, ಕಡಿಮೆಯಾದಂತೆ ಮಂಕು. ಸಣ್ಣ ಜಾಲರಿಯಲ್ಲಿ ಸೋಸಿ, ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವ, 0.8 ಮಿಲಿಮೀಟರ್ ತೂತಿನ ಎಚ್‌ವಿಎಲ್‌ಪಿ ಗನ್ನಿಗೆ ತುಂಬಿ, 25 ಪಿಎಸ್‌ಐ ಇಟ್ಟುಕೊಂಡೆ. ಪೌಡರ್ ಹೊಡೆಯುವಾಗ ವಿದ್ಯುದಾವೇಶವೇ ಕಣವನ್ನು ಎಳೆದು ಕೂರಿಸುತ್ತದೆ, ಕೈ ಸ್ವಲ್ಪ ಸೋಮಾರಿಯಾದರೂ ನಡೆಯುತ್ತದೆ. ಇಲ್ಲಿ ಎಲ್ಲವೂ ಕೈಯದೇ. ಓರೆ ಬೆಳಕಿನಲ್ಲಿ ನೋಡುತ್ತಾ ಹೋದರೆ ಬೂದು ಉಕ್ಕಿನ ಮೇಲೆ ಮೊದಲು ಕಪ್ಪು ಚುಕ್ಕಿಗಳು, ಮುಂದಿನ ಸಾಗಿನಲ್ಲಿ ಚುಕ್ಕಿಗಳು ಕೂಡಿ ಒದ್ದೆಯ ಹೊಳಪು ಒಂದೇ ಸಮನೆ ಹರಡುತ್ತದೆ. ಅಲ್ಲಿ ನಿಲ್ಲಬೇಕು. ಬೆರಳು ಮಾತ್ರ ಟ್ರಿಗರ್ ಬಿಡಲು ಒಪ್ಪುವುದಿಲ್ಲ, ಇನ್ನೊಂದು ಸಲ ಎನ್ನುತ್ತದೆ. ನಾನು ಗನ್ನನ್ನು ಎಡಗೈಗೆ ದಾಟಿಸಿ ಹೊರಗೆ ಬಂದುಬಿಟ್ಟೆ. ಕಾಲು ಗಂಟೆ ಬಿಟ್ಟು ಬೀರುವಿಗೆ. ತಣ್ಣಗಾದ ಮೇಲೆ ಅಳತೆಯಂತ್ರ ಇಟ್ಟರೆ ನಳಿಗೆಯ ಮೇಲೆ 20ರಿಂದ 24 ಮೈಕ್ರಾನ್.

ಈ ಸುದ್ದಿ ಸಿರುಗುಪ್ಪದ ಕಡೆಯ ನಮ್ಮ ದೂರದ ಸಂಬಂಧಿಯೊಬ್ಬರಿಗೆ ಮುಟ್ಟಿತು. ಭತ್ತದ ಗದ್ದೆ, ಹಂದಿಗಳ ಕಾಟ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಬಂದೂಕು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಫಲಿತಾಂಶದ ನಂತರ ಬಿಡಿಸಿಕೊಳ್ಳುವಾಗ ನಳಿಗೆಯ ಮೇಲೆ ಕಂದು ಚುಕ್ಕಿಗಳಿರುತ್ತವೆ. ‘ನಿನ್ನ ಆ ಅಮೆರಿಕದ ಬಣ್ಣ ಹೊಡೆದುಕೊಡು’ ಎಂದು ಫೋನ್ ಮಾಡಿದರು.

ಆಗುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ದುರಸ್ತಿಗೂ ಪರವಾನಗಿ ಬೇಕು. ಬಿಚ್ಚಿ, ಗ್ರಿಟ್ ಹೊಡೆದು, ಬೇಯಿಸಿ ಜೋಡಿಸುವುದು ದುರಸ್ತಿಯಲ್ಲ ಎಂದು ವಾದಿಸುವ ಉಮೇದು ನನಗಿಲ್ಲ. 8ನೇ ಕಲಮು ಇನ್ನೂ ನೇರ: ಬಂದೂಕಿನ ಮೇಲಿನ ಸಂಖ್ಯೆ, ಗುರುತುಗಳನ್ನು ಅಳಿಸುವುದು, ಬದಲಿಸುವುದು ಅಪರಾಧ. ಗ್ರಿಟ್ ಒಂದು ನಿಮಿಷ ಹೆಚ್ಚು ಹೊಡೆದರೆ ಸವೆದ ಅಂಕಿಯೊಂದು ಮಾಯವಾಗಲು ಸಾಕು. ಕೊಡಗಿನವರಿಗೆ ಕೋವಿಗೆ ವಿನಾಯಿತಿ ಇದೆಯಲ್ಲ ಎಂದರು. ಇದೆ, ಆದರೆ ಅವರ ಗದ್ದೆ ಇರುವುದು ತುಂಗಭದ್ರೆಯ ದಡದಲ್ಲಿ. ಬಂದೂಕು ದುರಸ್ತಿಗೆ ಪರವಾನಗಿ ಇರುವವರ ಬಳಿ ಹೋಗಿ, ಠಾಣೆಗೆ ಕೊಡುವ ಮುನ್ನ ಒಳಗೂ ಹೊರಗೂ ದಪ್ಪನೆ ಗ್ರೀಸ್ ಬಳಿಯಿರಿ ಎಂದೆ. ಎಣ್ಣೆ ಗ್ರೀಸಿನ ವಿಷಯದಲ್ಲಿ ಮಾತ್ರ ದಪ್ಪಕ್ಕೆ ನನ್ನ ತಕರಾರಿಲ್ಲ.

ಸಿಟ್ಟು ಇಳಿದ ಮೇಲೆ ಅವರು ಔಷಧಿ ಸಿಂಪಡಿಸುವ ಪಂಪಿನ ಕಬ್ಬಿಣದ ಚೌಕಟ್ಟು ಕಳಿಸಿದ್ದಾರೆ, ಗೊಬ್ಬರದ ಉಪ್ಪಿಗೆ ತಿಂದುಹೋದದ್ದು. ಅದಕ್ಕೆ ಈ ದುಬಾರಿ ಲೇಪನ ಏಕೆ ಎಂದು ಕೇಳಿದರೆ, ಬಂದೂಕಿಗೆ ಹಾಕದ್ದನ್ನು ಇದಕ್ಕಾದರೂ ಹಾಕು ಎಂಬ ಹಟ. ಸದ್ಯ ಅದು ಅಸಿಟೋನ್ ಮುಗಿಸಿ ಬೀರುವಿನಲ್ಲಿ ನೇತಾಡುತ್ತಿದೆ. ವೆಲ್ಡಿಂಗಿನ ಸಂದಿಗಳಿಂದ ಇನ್ನೂ ಎಣ್ಣೆ ಬರುತ್ತಲೇ ಇದೆ. ಬಾಟಲಿಯಲ್ಲಿ ಉಳಿದಿರುವುದು ಅದಕ್ಕೆ ಒಂದೇ ಕೈಗೆ ಸಾಕಾಗುವಷ್ಟು.